ಸೆಕೆಂಡ್ ಹ್ಯಾಂಡ್ ಸ್ಪೋರ್ಟಿ ಗಾಡಿ ತಗೊಳ್ಳೂದು ಹ್ಯಾಂಗ: ದಿನಾನೂ ಓಡಸಬೇಕು, ಮಾಡಿಫೈನೂ ಮಾಡಬೇಕು ಅನ್ನೋ ಹುಬ್ಬಳ್ಳಿ-ಧಾರವಾಡದ ಮಂದಿಗೆ

ನಾ ಮೊದಲ ತಗೊಂಡ "ಸ್ಪೋರ್ಟಿ" ಗಾಡಿ ಉಣಕಲ್ ಹತ್ರ ಒಂದು ಸ್ಪೀಡ್ ಬ್ರೇಕರ್ ಮ್ಯಾಲ ಹೊಟ್ಟಿ ಹಚ್ಚಿ ಕುಂತಬಿಡ್ತು. ಹಿಂದ ಆಟೋದವ ಹಾರ್ನ್ ಹೊಡಕೋತ ಇಳಿದ ಬಂದ, ಕೆಳಗ ಬಗ್ಗಿ ನೋಡಿ "ಸರ, ಇಳಸ್ರಿ ಅಂದ್ರ ಇಷ್ಟ್ ಇಳಸೂದೇನ್ರಿ" ಅಂದ. ಆಮ್ಯಾಲ ಗ್ಯಾರೇಜಿಗೆ ಒಯ್ದು ಎತ್ತಿ ನೋಡಿದ್ರ ಮೊದಲಿನ ಮಾಲಕ ಸ್ಪ್ರಿಂಗ್ ಗ್ರೈಂಡರ್‌ಲೇ ಕಟ್ ಮಾಡ್ಸಿದ್ದ, ನಾಕೂ ಶಾಕ್ ಅಬ್ಸಾರ್ಬರ್ ಎಣ್ಣಿ ಸೋರಾಕ ಹತ್ತಿದ್ವು, ಟೈರ್ ಒಳಗಿನ ಅಂಚು ತಂತಿ ಕಾಣೂ ತನಕ ಸವದಿತ್ತು, ಮತ್ತ ನಾ ಇದೆಲ್ಲಾ ನೋಡದ ಬರೇ ಅಲಾಯ್ ವ್ಹೀಲ್ ನೋಡಿ, ಸೈಲೆನ್ಸರ್ ಸಪ್ಪಳ ಕೇಳಿ ಅಡ್ವಾನ್ಸ್ ಕೊಟ್ಟಿದ್ದೆ. ಅದನ್ನ ಸರಿ ಮಾಡಾಕ ಹೋದ ರೊಕ್ಕದಾಗ ಎರಡ ವರ್ಷದ ಪೆಟ್ರೋಲ್ ಬರ್ತಿತ್ತು.

ಅದಕ್ಕ ಈ ಗೈಡ್ ಪೂರಾ ಒಂದ ಮಾತಿನ ಮ್ಯಾಲ ನಿಂತೈತಿ: ಮಾಡಿಫೈ ಮಾಡಬೇಕು ಅನ್ನೋವ್ರು ಮಾಡಿಫೈ ಆದ ಗಾಡಿ ತಗೋಬಾರ್ದು. ಕಂಪನಿಯಿಂದ ಹ್ಯಾಂಗ ಬಂದಿತ್ತೋ ಹಂಗ ಇರೋ ಗಾಡಿ, ನಿಮ್ಮ ಅಜ್ಜಾರಂಥಾ ಮನಷ್ಯಾ ಟೈಮಿಗೆ ಸರಿಯಾಗಿ ಸರ್ವಿಸ್ ಮಾಡ್ಸಿ ಓಡ್ಸಿದ ಗಾಡಿ ಹುಡುಕ್ರಿ. ಮುಂದಿಂದೆಲ್ಲಾ ಅಂಥಾದ್ದು ಹುಡುಕೂದು ಹ್ಯಾಂಗ ಅನ್ನೋದ.

1. ಮೊದಲ ನಿಮ್ಮ ರಸ್ತೆ ನೋಡ್ರಿ, ಆಮ್ಯಾಲ ಗಾಡಿ

ಬೆಂಗಳೂರಾಗಿನ ಹುಡುಗೂರು ವೀಡಿಯೋದಾಗ ಹೇಳಿದ್ದು ಇಲ್ಲಿ ನಡಿಯಂಗಿಲ್ಲ. ನಮ್ಮ ಕಡೆ ದಿನದ ಓಡಾಟ ಅಂದ್ರ ಏನ್ರಿ? ವಿದ್ಯಾನಗರದಿಂದ ಧಾರವಾಡ ಜುಬಿಲಿ ಸರ್ಕಲ್ಲಿಗೆ ಸುಮಾರು 20 ಕಿಲೋಮೀಟರ್, ನಡಕ ಚಿಗರಿ ಬಸ್ಸಿನ ಲೈನು, ಎರಡೂ ಬಾಜೂಕ ಸಿಗ್ನಲ್ಲು, ಹಂಪು, ನವನಗರದ ಹತ್ರ ಯಾವಾಗ ಯಾರ ಅಡ್ಡ ಬರ್ತಾರೋ ಗೊತ್ತಿಲ್ಲ. ಚೆನ್ನಮ್ಮ ಸರ್ಕಲ್ ಸುತ್ತಮುತ್ತ ಮುಂಜಾನೆ ಹತ್ತಕ್ಕ ಹೋದ್ರ ಫಸ್ಟ್ ಗೇರು, ಸೆಕೆಂಡ್ ಗೇರು, ಮತ್ತ ಫಸ್ಟ್ ಗೇರು. ಇದರಾಗ 145 ಹಾರ್ಸ್ ಪವರ್ ತಗೊಂಡು ಏನ್ ಮಾಡ್ತೀರಿ, ಕ್ಲಚ್ ಹಗರ ಇರಬೇಕು, ಎಸಿ ಗಟ್ಟಿ ಇರಬೇಕು.

ಗದಗ ರೋಡಿಗೆ ಹೋದ್ರ ಕಥಿ ಬ್ಯಾರೆ. ಅಣ್ಣಿಗೇರಿ ಕಡೆ ಎಲ್ಲಾ ಎರಿ ಭೂಮಿ. ಎರಿ ಮಣ್ಣು ಮಳಿಗಾಲದಾಗ ನೀರ ಕುಡದು ಉಬ್ಬತೈತಿ, ಬ್ಯಾಸಗ್ಯಾಗ ಒಣಗಿ ಕುಗ್ಗಿ ಬಿರಕ ಬಿಡ್ತೈತಿ, ಅದಕ್ಕ ಡಾಂಬರ ಎಷ್ಟ ಚಲೋ ಹಾಕಿದ್ರೂ ರಸ್ತೆ ಅಲೆ ಅಲೆ ಆಗಿ ಹೋಗ್ತೈತಿ. ಕಣ್ಣಿಗೆ ಸಪಾಟ ಕಾಣ್ತೈತಿ, 90ರಾಗ ಹೊಂಟಾಗ ಗಾಡಿ ಜೋಕಾಲಿ ಆಡತೈತಿ. ಇಂಥಾ ರಸ್ತಾಕ್ಕ ಇಳಿಸಿದ ಗಾಡಿ ಅಂದ್ರ ಪ್ರತಿ ಅಲೆಗೂ ಬಂಪ್ ಸ್ಟಾಪ್ (ಸಸ್ಪೆನ್ಶನ್ ಪೂರಾ ಕುಗ್ಗಿದಾಗ ತಡಿಯೂ ರಬ್ಬರ್) ಬಡಿಯೂದು. ನಮಗ ಬೇಕಾದ್ದು ಚಲೋ ಡ್ಯಾಂಪರ್ (ಅಂದ್ರ ಶಾಕ್ ಅಬ್ಸಾರ್ಬರ್), ಗಿಡ್ಡ ಸ್ಪ್ರಿಂಗ್ ಅಲ್ಲ. ಹಾವೇರಿ, ರಾಣೇಬೆನ್ನೂರ ಕಡೆ ಹೈವೇದಾಗ ದಿನಾ ಹೋಗಿ ಬರೋವ್ರಿಗೆ ಮಾತ್ರ ಹೆಚ್ಚಿನ ಪವರ್, ಆರನೇ ಗೇರು ಇದ್ದದ್ದು ಉಪಯೋಗಕ್ಕ ಬರ್ತೈತಿ. ವಾರಕ್ಕೊಮ್ಮೆ ದಾಂಡೇಲಿ, ಇಲ್ಲಾ ಕಲಘಟಗಿ-ಯಲ್ಲಾಪುರ ದಾಟಿ ಅರಬೈಲ್ ಘಾಟ ಇಳಿಯೋ ಚಟ ಇದ್ರ ಬ್ರೇಕ್ ಮ್ಯಾಲ ಲಕ್ಷ್ಯ ಇಡ್ರಿ, ಪವರ್ ಮ್ಯಾಲ ಅಲ್ಲ.

ಒಂದ ವಾರ ನಿಮ್ಮ ಈಗಿನ ಗಾಡಿ ಯಾವ ರಸ್ತಾದಾಗ ಎಷ್ಟ ಕಿಲೋಮೀಟರ್ ಓಡ್ತೈತಿ ಅಂತ ಬರದಿಡ್ರಿ. ನಾ ಬರದಾಗ ಹೈವೇ ಅಂತ ತಿಳಕೊಂಡಿದ್ದೆಲ್ಲಾ ಬರೇ ಗೋಕುಲ ರೋಡ್ ಆಗಿತ್ತು.

2. ರೊಕ್ಕ

ಕೈಯಾಗ 6 ಲಕ್ಷ ಇದ್ರ 4.5 ಲಕ್ಷದ ಗಾಡಿ ನೋಡ್ರಿ. ಉಳದದ್ದರಾಗ ಟ್ರಾನ್ಸ್‌ಫರ್, ಇನ್ಶೂರನ್ಸ್, ಮೊದಲನೇ ದೊಡ್ಡ ಸರ್ವಿಸ್, ಟೈರ್ ಬರಬೇಕು. ಮಾಡಿಫಿಕೇಶನ್‌ಗೆ ಅಂತ ಮೊದಲ ದಿನಾನ ರೊಕ್ಕ ತೆಗೆದಿಡಬ್ಯಾಡ್ರಿ, ಮೊದಲ ಆರ ತಿಂಗಳ ಗಾಡಿನ ಎಲ್ಲಾ ತಿಂತೈತಿ. ಸಾಲಾ ಮಾಡಿ ತಗೊಳ್ಳೋವ್ರು, ಹಳೇ ಗಾಡಿ ಸಾಲದ ಬಡ್ಡಿ ಹೊಸಾ ಗಾಡಿಗಿಂತ ಹೆಚ್ಚ ಇರ್ತೈತಿ ಅನ್ನೋದು ಮರಿಬ್ಯಾಡ್ರಿ.

3. ಯಾವ ಗಾಡಿ

ಇಲ್ಲಿ ಜಗಳ ಹತ್ತೂದು ಗ್ಯಾರಂಟಿ, ಇರ್ಲಿ. ನನ್ನ ಕಣ್ಣಿಗೆ ಕಂಡಂಗ ಹೇಳ್ತೀನಿ.

ಮಾರುತಿ ಸ್ವಿಫ್ಟ್ ಅಂದ್ರ ಮೂಗ ಮುರೀತಾರ ಮಂದಿ, "ಅದೇನ್ ಸ್ಪೋರ್ಟಿ, ಟ್ಯಾಕ್ಸಿ ಅದು" ಅಂತ. ಆದ್ರ ಹಗರ ಗಾಡಿ, ಪಾರ್ಟ್ಸ್ ಬ್ಯಾಡಗಿಯಾಗೂ ಸಿಗ್ತಾವು, ಯಾವ ಮೇಸ್ತ್ರಿಗೆ ಕೊಟ್ರೂ ಕಣ್ಣ ಮುಚ್ಚಿ ಬಿಚ್ಚತಾನ. 2005ರಾಗ ಬಂದ ಮೊದಲನೇ ಸ್ವಿಫ್ಟಿನ 1.3 ಪೆಟ್ರೋಲ್ ಎಂಜಿನ್ನಿಗೆ ಇನ್ನೂ ಪ್ರೀತಿ ಮಾಡೋ ಮಂದಿ ಅದಾರ, ಆದ್ರ ಅದಕ್ಕ ಈಗ 15 ವರ್ಷ ದಾಟೇತಿ, ಆರ್‌ಸಿ ರಿನ್ಯೂವಲ್ ಆಗೇತೋ ಇಲ್ಲೋ ಮೊದಲ ನೋಡ್ರಿ. ಅದ ಕಂಪನಿ ಬಲೆನೊ ಆರ್‌ಎಸ್ 2017ರಾಗ ಬಂತು, 1.0 ಲೀಟರ್ ಬೂಸ್ಟರ್‌ಜೆಟ್ ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬೂದು), 102 ಪಿಎಸ್ (ಎಂಜಿನ್ನಿನ ಪವರ್), 150 ನ್ಯೂಟನ್ ಮೀಟರ್ (ಟಾರ್ಕ್, ಅಂದ್ರ ಜಗ್ಗೂ ಬಲ), ನಾಕೂ ಕಡೆ ಡಿಸ್ಕ್ ಬ್ರೇಕು. ಭಾಳ ಮಾರಾಟ ಆಗ್ಲಿಲ್ಲ, 2020ರ ಸುಮಾರಿಗೆ ಬಂದ್ ಆತು. ಹಂಗಾಗಿ ಸಿಗೂದ ಕಷ್ಟ, ಸಿಕ್ರ ನನ್ನ ಪ್ರಕಾರ ದಿನಾ ಓಡಸಾಕ ಇದರಷ್ಟ ಶಾಣ್ಯಾ ಗಾಡಿ ಇಲ್ಲ. ಬಾಡಿ ಪಾರ್ಟ್, ಸಸ್ಪೆನ್ಶನ್ ಎಲ್ಲಾ ಹೆಚ್ಚಾಗಿ ಸಾದಾ ಬಲೆನೊದ್ದ ನಡೀತಾವು, ಎಂಜಿನ್ ಪಾರ್ಟ್ಸಿಗೆ ಮಾತ್ರ ಕಾಯೂದ ಬರ್ತೈತಿ.

ಫೋಕ್ಸ್‌ವ್ಯಾಗನ್ ಪೋಲೊ ಅಂದ ಕೂಡಲೇ ನಮ್ಮ ಹುಡುಗೂರ ಕಣ್ಣ ಅರಳ್ತಾವು. ತಿಳಕೋಬೇಕಾದ್ದು ಏನಂದ್ರ ಪೋಲೊ ಅಂದ್ರ ಒಂದ ಗಾಡಿ ಅಲ್ಲ. 2013ರಾಗ ಬಂದ ಜಿಟಿ ಟಿಎಸ್‌ಐ 1.2 ಲೀಟರಿನ ಟರ್ಬೊ ಪೆಟ್ರೋಲ್, 105 ಪಿಎಸ್, 175 ನ್ಯೂಟನ್ ಮೀಟರ್, ಏಳ ಗೇರಿನ ಡಿಎಸ್‌ಜಿ, ಅಂದ್ರ ಎರಡ ಕ್ಲಚ್ಚಿನ ಆಟೋಮ್ಯಾಟಿಕ್. ಜಿಟಿ ಟಿಡಿಐ ಡೀಸೆಲ್, ಮೊದಲ 1.6 ಇತ್ತು, ಆಮ್ಯಾಲ 1.5 ಆತು, ಎರಡೂ 105 ಪಿಎಸ್ (1.5 ಮುಂದ 110 ಆತು), 250 ನ್ಯೂಟನ್ ಮೀಟರ್, ಮ್ಯಾನ್ಯುವಲ್ ಗೇರು. 2020ರಾಗ ಬಂದದ್ದು 1.0 ಟಿಎಸ್‌ಐ, 110 ಪಿಎಸ್, ಆರ ಗೇರಿನ ಮ್ಯಾನ್ಯುವಲ್ ಇಲ್ಲಾ ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲಿ ಎಣ್ಣಿ ಮೂಲಕ ನಡಿಯೂ) ಆಟೋಮ್ಯಾಟಿಕ್. 2022ಕ್ಕ ಪೋಲೊ ಬಂದ್. ಇದರಾಗ ಹಳೇ ಜಿಟಿ ಟಿಎಸ್‌ಐದ ಡಿಎಸ್‌ಜಿ ಗೇರ್‌ಬಾಕ್ಸ್ ಡ್ರೈ ಕ್ಲಚ್‌ದು, ಅಂದ್ರ ಕ್ಲಚ್ ಎಣ್ಣ್ಯಾಗ ಮುಣಗಿರಂಗಿಲ್ಲ, ತೆವಳೋ ಟ್ರಾಫಿಕ್ಕಿನ್ಯಾಗ ಬಿಸಿ ಆಗ್ತೈತಿ. ಅದರ ಮೆಕಾಟ್ರಾನಿಕ್ಸ್ ಅನ್ನೋ ಕಂಟ್ರೋಲ್ ಘಟಕ ಕೆಟ್ರ ಬಿಲ್ಲು ಲಕ್ಷದ ಲೆಕ್ಕದಾಗ ಬರ್ತೈತಿ. ಚೆನ್ನಮ್ಮ ಸರ್ಕಲ್ ದಿನಾ ದಾಟೋವ್ರು ವಾರಂಟಿ ಮುಗದ ಡಿಎಸ್‌ಜಿ ತಗೊಳ್ಳೂ ಮುಂದ ಎರಡ ಸಲ ಅಲ್ಲ, ನಾಕ ಸಲ ವಿಚಾರ ಮಾಡ್ರಿ. ಹೈವೇ ಮಂದಿಗೆ ಟಿಡಿಐ, ಊರಿನ ಮಂದಿಗೆ 1.0 ಟಿಎಸ್‌ಐ ಮ್ಯಾನ್ಯುವಲ್, ಇದು ನನ್ನ ಲೆಕ್ಕ. ಪೋಲೊ ಸಿಗದಿದ್ರ ಅದ ಎಂಜಿನ್ ಇರೋ ಸ್ಕೋಡಾ ರಾಪಿಡ್ 1.0 ನೋಡ್ರಿ, ಡಿಕ್ಕಿ ದೊಡ್ಡದೈತಿ ಅಂತ ಮನ್ಯಾಗೂ ಒಪ್ಪತಾರ.

ಫಿಯಾಟ್ ಅಬಾರ್ಥ್ ಪುಂಟೊ, 2015, 1.4 ಟಿ-ಜೆಟ್, 145 ಪವರ್, 212 ನ್ಯೂಟನ್ ಮೀಟರ್. ಆ ಸ್ಟೇರಿಂಗು ಹೈಡ್ರಾಲಿಕ್, ರಸ್ತೆ ಕೈಯಾಗ ಬಂದಂಗ ಆಗ್ತೈತಿ, ನಾ ಒಮ್ಮೆ ಓಡ್ಸಿ ಎರಡ ದಿನ ನಿದ್ದಿ ಮಾಡಿಲ್ಲ. ಆದ್ರ ನೆಲದಿಂದ ಎತ್ತರ ಬರೇ 155 ಮಿಲಿಮೀಟರ್, ಮತ್ತ ಫಿಯಾಟ್ ಇಲ್ಲಿ ಗಾಡಿ ಮಾರೂದ ಬಿಟ್ಟು ವರ್ಷಗಟ್ಲೆ ಆತು. ಪಾರ್ಟಿಗೆ ಬೆಂಗಳೂರು, ಪುಣೆ, ಕೊಯಮತ್ತೂರು ಅಂತ ಫೋನ್ ಹಚ್ಚಾಕ ತಯಾರಿದ್ದು, ಮನ್ಯಾಗ ಇನ್ನೊಂದ ಗಾಡಿ ಇದ್ರ ಮಾತ್ರ ಮುಟ್ರಿ. ಇದ ಒಂದ ಗಾಡಿ ಅನ್ನೋವ್ರಿಗೆ ಕೈ ಮುಗದ ಹೇಳ್ತೀನಿ, ಬ್ಯಾಡ.

ಫೋರ್ಡ್ ಫಿಗೊ 1.5 ಡೀಸೆಲ್, 100 ಪಿಎಸ್, 215 ನ್ಯೂಟನ್ ಮೀಟರ್, ನೋಡಾಕ ಸಾದಾ, ತುಳದ್ರ ಗೊತ್ತಾಗ್ತೈತಿ. ಫೋರ್ಡ್ 2021ರ ಸೆಪ್ಟೆಂಬರದಾಗ ಇಲ್ಲಿ ಗಾಡಿ ತಯಾರಸೂದು ನಿಲ್ಲಸ್ತೀವಿ ಅಂತ ಹೇಳಿದ ಮ್ಯಾಲ ರೇಟ್ ಇಳೀತು, ಸರ್ವಿಸ್ ಪೂರಾ ಬಂದ್ ಆಗಿಲ್ಲ, ಚೌಕಾಶಿ ಮಾಡಾಕ ಬರೋವ್ರಿಗೆ ಇದ ಚಾನ್ಸ್. ಹುಂಡೈ ಐ20 ಎನ್ ಲೈನ್ 2021ರಿಂದ, 1.0 ಟರ್ಬೊ 120 ಪಿಎಸ್, ಹೊಸಾದು, ಆರಾಮದ್ದು, ಕಿಮ್ಮತ್ತೂ ಹಂಗ ಐತಿ. ಅದಕ್ಕಿಂತ ಕಡಿಮಿ ರೊಕ್ಕದಾಗ ಗ್ರ್ಯಾಂಡ್ ಐ10 ನಿಯೋಸ್ ಟರ್ಬೊ, 100 ಪಿಎಸ್, ಯಾರ ಕಣ್ಣಿಗೂ ಬೀಳದ ಗಾಡಿ. ಟಾಟಾ ಟಿಯಾಗೊ ಜೆಟಿಪಿ 2018ರಾಗ ಕೊಯಮತ್ತೂರಿನ ಜಯೆಮ್ ಜೋಡಿ ಸೇರಿ ಮಾಡಿದ್ದು, 114 ಪಿಎಸ್, ಎರಡ ವರ್ಷದಾಗ ಕಥಿ ಮುಗೀತು. ನಮ್ಮ ಧಾರವಾಡದಾಗ ಟಾಟಾ ಫ್ಯಾಕ್ಟರಿ ಐತಲ್ಲ, ಪಾರ್ಟ್ ಸಿಗ್ತಾವು ಅಂತ ಒಬ್ಬ ದೋಸ್ತ ವಾದಾ ಮಾಡಿದ, ಅಲ್ಲೋ ಮಾರಾಯಾ, ಅಲ್ಲಿ ಆಗೂದು ಕಮರ್ಷಿಯಲ್ ಗಾಡಿ, ಬಸ್ಸು.

ಸ್ಕೋಡಾದ ತುಟ್ಟಿ ಗಾಡಿ ಆಕ್ಟೇವಿಯಾ ಆರ್‌ಎಸ್ ಕೇಳೋವ್ರಿಗೆ ಈ ಗೈಡ್ ಬೇಕಾಗಿಲ್ಲ, ಅವ್ರ ಹತ್ರ ರೊಕ್ಕ ಐತಿ.

ಒಂದು ಪರೀಕ್ಷೆ ಹೇಳ್ತೀನಿ. ಯಾವ ಗಾಡಿ ಮನಸಿಗೆ ಬಂದೈತೋ ಅದರ ಕ್ಲಚ್ ಸೆಟ್, ಮುಂದಿನ ಲೋವರ್ ಆರ್ಮ್, ಹೆಡ್‌ಲೈಟು, ಈ ಮೂರರ ರೇಟು ಮತ್ತ ಎಷ್ಟ ದಿನಕ್ಕ ಬರ್ತೈತಿ ಅಂತ ಹುಬ್ಬಳ್ಳಿ ಸ್ಪೇರ್ ಪಾರ್ಟ್ಸ್ ಅಂಗಡ್ಯಾಗ ಕೇಳ್ರಿ. ಗಾಡಿ ನೋಡೂಕಿಂತ ಮೊದಲ ಕೇಳ್ರಿ. ಅಂಗಡಿಯವ ನಕ್ರ ಆ ಗಾಡಿ ಬಿಡ್ರಿ.

4. ಎಲ್ಲಿ ಗಾಡಿ, ಯಾವ ನಂಬರಿನ ಗಾಡಿ

ಕೆಎ 25 ಧಾರವಾಡ, ಕೆಎ 63 ಹುಬ್ಬಳ್ಳಿ, ಕೆಎ 26 ಗದಗ, ಕೆಎ 27 ಹಾವೇರಿ. ಇವು ಸಿಕ್ರ ಮೊದಲ ಇವನ್ನ ನೋಡ್ರಿ, ಯಾಕಂದ್ರ ಗಾಡಿ ಎಲ್ಲಿ ಸರ್ವಿಸ್ ಆಗೇತಿ, ಮಾಲಕ ಯಾರ, ಹ್ಯಾಂಗ ಓಡಸ್ತಿದ್ದ ಅಂತ ಎರಡ ಫೋನಿನ್ಯಾಗ ಗೊತ್ತಾಗ್ತೈತಿ. ನಮ್ಮೂರು ದೊಡ್ಡದ ಕಂಡ್ರೂ ಗಾಡಿ ಹುಚ್ಚಿನ ಮಂದಿ ಎಲ್ಲಾ ಒಬ್ಬರಿಗೊಬ್ಬರು ಗೊತ್ತಿರ್ತಾರ.

ಗೋವಾ ಗಾಡಿ ನಮ್ಮ ಕಡೆ ಭಾಳ ಬರ್ತಾವು, ಕಡಿಮಿ ಓಡಿರ್ತಾವು, ರೇಟೂ ಕಡಿಮಿ. ಆದ್ರ ಸಮುದ್ರದ ಉಪ್ಪು ಗಾಳಿ. ಮ್ಯಾಲ ಪಾಲಿಶ್ ಥಳ ಥಳ, ಕೆಳಗ ಸಬ್‌ಫ್ರೇಮ್ (ಎಂಜಿನ್, ಸಸ್ಪೆನ್ಶನ್ ಹೊತ್ತ ಚೌಕಟ್ಟು), ಬ್ರೇಕ್ ಪೈಪು, ಸೈಲೆನ್ಸರ್ ಜಾಯಿಂಟ್ ಜಂಗು ತಿಂದಿರ್ತಾವು. ಗದಗಿನ ನಮ್ಮ ಒಬ್ಬ ದೋಸ್ತ ಅಂಥಾದ್ದೊಂದು ತಂದು ಲಿಫ್ಟ್ ಮ್ಯಾಲ ಏರ್ಸಿದ ದಿನ ಮೇಸ್ತ್ರಿ ಸ್ಕ್ರೂಡ್ರೈವರ್ ಚುಚ್ಚಿದ, ಒಳಗ ಹೋತು.

ಕೊಲ್ಲಾಪುರದ ಎಂಎಚ್ 09, ಸಾಂಗ್ಲಿಯ ಎಂಎಚ್ 10 ಗಾಡಿಗೆ 2019ರ ಆಗಸ್ಟಿನ ಪ್ರವಾಹ ನೆನಪ ಇಟಗೋರಿ. ಅದಕ್ಕಿಂತ ಹಳೇ ಗಾಡಿ ಇದ್ರ ಸೀಟ್ ಬೆಲ್ಟ್ ಪೂರಾ ಹೊರಗ ಜಗ್ಗಿ ಕಡೀ ತುದಿಗೆ ಮಣ್ಣಿನ ಗೆರಿ ಐತೇನ ನೋಡ್ರಿ, ಸೀಟಿನ ಕೆಳಗಿನ ಹಳಿ ಜಂಗು ಹಿಡದೈತೇನ, ಸ್ಟೆಪ್ನಿ ತೆಗದು ಅದರ ತೆಗ್ಗಿನ್ಯಾಗ ಕೈ ಆಡಸ್ರಿ. ಅದ ವರ್ಷ ಬೆಳಗಾವಿ, ಬಾಗಲಕೋಟಿ ಕಡೆನೂ ನೀರ ಬಂದಿತ್ತು, ಮಹಾರಾಷ್ಟ್ರದ ಮ್ಯಾಲ ಅಷ್ಟ ಸಂಶಯ ಬ್ಯಾಡ.

ದಿಲ್ಲಿ ಗಾಡಿ ಇನ್ನೊಂದು ಆಶಾ. ಅಲ್ಲಿ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಮ್ಯಾಲ ನಿರ್ಬಂಧ ಬಂದಿದ್ದಕ್ಕ ವಯಸ್ಸಾದ ಗಾಡಿ ಕಡಿಮಿ ರೇಟಿಗೆ ದಕ್ಷಿಣಕ್ಕ ಬರ್ತಾವು. ಬ್ಯಾರೆ ರಾಜ್ಯದ ಗಾಡಿ ಯಾವದ ಇದ್ರೂ 12 ತಿಂಗಳಿಗಿಂತ ಹೆಚ್ಚ ಇಲ್ಲಿ ಇಟಗೊಂಡ್ರ ನಂಬರ್ ಬದಲ ಮಾಡಬೇಕು, ಅಲ್ಲಿಂದ ಎನ್‌ಓಸಿ ತರಬೇಕು, ಇಲ್ಲಿ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು. ಟ್ಯಾಕ್ಸ್ ಗಾಡಿ ವಯಸ್ಸಿನ ಪ್ರಕಾರ ಇಳೀತೈತಿ ಖರೆ, ಆದ್ರ ಕಡಿಮಿ ಬಿದ್ದ ರೊಕ್ಕ ಅಲ್ಲೇ ವಾಪಸ್ ಹೋಗ್ತೈತಿ. ಲೆಕ್ಕ ಹಾಕಿ ಆಮ್ಯಾಲ ರೇಟ್ ಮಾತಾಡ್ರಿ.

5. ಕಾಗದಪತ್ರ

ಮಾಲಕನ ಮನಿಗೆ ಹೋಗೂಕಿಂತ ಮೊದಲ ಎಂ-ಪರಿವಾಹನ್ ಆಪಿನ್ಯಾಗ ನಂಬರ್ ಹಾಕಿ ನೋಡ್ರಿ: ಎಷ್ಟನೇ ಮಾಲಕ, ಇನ್ಶೂರನ್ಸ್ ಎಂದಿನ ತನಕ ಐತಿ, ಬ್ಯಾಂಕಿನ ಸಾಲ ಐತೇನ. ಸಾಲ ತೀರೇತಿ ಅಂತ ಬಾಯಿಮಾತು ನಡ್ಯಂಗಿಲ್ಲ, ಬ್ಯಾಂಕಿನ ಎನ್‌ಓಸಿ, ಫಾರ್ಮ್ 35 (ಆರ್‌ಸಿದಾಗಿನ ಸಾಲದ ನಮೂದು ತಗಸೂ ಅರ್ಜಿ) ಬೇಕು. ಟ್ರಾಫಿಕ್ ದಂಡ ಎಷ್ಟ ಬಾಕಿ ಐತಿ ನೋಡ್ರಿ, ಸ್ಪೋರ್ಟಿ ಗಾಡಿಗೆ ಓವರ್ ಸ್ಪೀಡ್ ಚಲನ್ ಪಟ್ಟಿನ ಅದರ ಮಾಲಕನ ಜಾತಕ. ಆರ್‌ಸಿದಾಗಿನ ಚಾಸಿ ನಂಬರ್, ಎಂಜಿನ್ ನಂಬರ್ ಗಾಡಿ ಮ್ಯಾಲಿಂದಕ್ಕ ಕೂಡಸಿ ನೋಡ್ರಿ, ಬಣ್ಣ ಸೈತ. ಆರ್‌ಸಿದಾಗ ಬಿಳಿ ಅಂತಿದ್ದು ಗಾಡಿ ಕೆಂಪ ಇದ್ರ ಮುಂದ ನಿಮಗ ತ್ರಾಸು.

ಸರ್ವಿಸ್ ಹಿಸ್ಟರಿ ಕಂಪನಿ ಸರ್ವಿಸ್ ಸೆಂಟರಿನ್ಯಾಗ ಮಾಲಕನ್ನ ಜೋಡಿ ಕರಕೊಂಡ ಹೋಗಿ ತಗಸ್ರಿ. ಮೀಟರ್ ತಿರುವಿದ್ದು ಅಲ್ಲೇ ಸಿಗ್ತೈತಿ, 2019ರಾಗ 62 ಸಾವಿರ ಓಡಿದ ಗಾಡಿ ಇವತ್ತ 48 ಸಾವಿರ ತೋರಸಾಕ ಬರಂಗಿಲ್ಲಲ್ರಿ.

6. ಗಾಡಿ ನೋಡೂದು

ಮುಂಜಾನೆ ಹೋಗ್ರಿ, ಬೆಳಕಿನ್ಯಾಗ. "ನಾ ಬರೂ ತನಕ ಚಾಲೂ ಮಾಡಬ್ಯಾಡ್ರಿ" ಅಂತ ಹಿಂದಿನ ದಿನಾನ ಹೇಳ್ರಿ. ಹೋದ ಕೂಡಲೇ ಬಾನೆಟ್ ಮ್ಯಾಲ ಕೈ ಇಡ್ರಿ, ಬೆಚ್ಚಗ ಇದ್ರ ಏನೋ ಮುಚ್ಚಸ್ಯಾರ. ತಣ್ಣಗಿನ ಎಂಜಿನ್ ಚಾಲೂ ಮಾಡಿಸಿ ನೀವು ಹಿಂದ ನಿಂದರ್ರಿ. ನೀಲಿ ಹೊಗಿ ಅಂದ್ರ ಎಣ್ಣಿ ಸುಡತೈತಿ, ವಾಲ್ವ್ ಸೀಲ್ ಇಲ್ಲಾ ಟರ್ಬೊ. ಬಿಳಿ ಹೊಗಿ ಬಿಸಿ ಆದಮ್ಯಾಲೂ ನಿಲ್ಲದಿದ್ರ, ಸೀ ವಾಸನಿ ಬಂದ್ರ ಕೂಲಂಟ್ ಎಂಜಿನ್ ಒಳಗ ಹೊಂಟೈತಿ. ಎಣ್ಣಿ ಕ್ಯಾಪಿನ ಒಳಗ ಮಜ್ಜಿಗಿಯಂಗ ಇದ್ರೂ ಅದ ಸಂಶಯ. ಎರಡೂ ಕೂಡಿ ಕಂಡ್ರ ಚಾ ಕುಡದು ಮನಿಗೆ ಬರ್ರಿ.

ಟರ್ಬೊ ಗಾಡಿಗೆ ಇಂಟರ್‌ಕೂಲರ್ (ಟರ್ಬೊದಿಂದ ಬಂದ ಬಿಸಿ ಗಾಳಿ ತಣಸೂದು) ಪೈಪಿನ ಜಾಯಿಂಟ್ ನೋಡ್ರಿ. ಹಗರಕ ಎಣ್ಣಿ ಪಸೆ ಇರೂದು ಮಾಮೂಲು, ತೊಟ್ಟ ತೊಟ್ಟ ಇದ್ರ ಅಲ್ಲ.

ಇನ್ನ ನನ್ನ ಮುಖ್ಯ ವಿಷಯ: "ಸ್ಟಾಕ್ ಗಾಡಿ ಸರ", ಅಂದ್ರ ಮಾಡಿಫೈ ಆಗಿಲ್ಲ, ಅಂತ ಮಾರೋವ ಹೇಳಿದ್ದು ಖರೆನಾ? ಮಾರೂಕಿಂತ ಮೊದಲ ಹಳೇ ಪಾರ್ಟ್ ವಾಪಸ್ ಹಾಕೋವ್ರು ಭಾಳ ಮಂದಿ ಅದಾರ. ಗುರ್ತು ಉಳೀತಾವು. ಏರ್ ಫಿಲ್ಟರ್ ಪೈಪಿನ ಮ್ಯಾಲ ಬ್ಯಾರೆ ಕ್ಲ್ಯಾಂಪ್ ಒತ್ತಿದ ಗೆರಿ, ಎ-ಪಿಲ್ಲರ್ (ಮುಂದಿನ ಗಾಜಿನ ಬಾಜೂಕಿನ ಕಂಬ) ಪ್ಲಾಸ್ಟಿಕ್ಕಿನ್ಯಾಗ ಟರ್ಬೊ ಒತ್ತಡ ತೋರಸೂ ಬೂಸ್ಟ್ ಮೀಟರಿನ ತೂತು, ಸ್ಟೇರಿಂಗ್ ಕೆಳಗ ಇನ್ಸುಲೇಶನ್ ಟೇಪ್ ಸುತ್ತಿದ ವೈರು, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಡಬ್ಬಿಯ ಸ್ಕ್ರೂ ತಲಿ ಸವದಿದ್ದು, ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಜೋಡಿ) ಮ್ಯಾಲಿನ ನಟ್ಟಿನ ಬಣ್ಣ ಕಿತ್ತಿದ್ದು. ವ್ಹೀಲ್ ಆರ್ಚ್ ಒಳಗಿನ ಪ್ಲಾಸ್ಟಿಕ್ ಸವದಿದ್ರ ಒಂದ ಕಾಲದಾಗ ದೊಡ್ಡ ಟೈರು, ಗಿಡ್ಡ ಸ್ಪ್ರಿಂಗ್ ಇದ್ವು. ಸ್ಪ್ರಿಂಗಿನ ತುದಿ ಟಾರ್ಚ್ ಹಾಕಿ ನೋಡ್ರಿ, ಕಂಪನಿ ತುದಿಗೂ ಗ್ರೈಂಡರ್ ತುದಿಗೂ ಫರಕ ಸಣ್ಣ ಹುಡುಗಗೂ ಗೊತ್ತಾಗ್ತೈತಿ, ನನಗ ಗೊತ್ತಾಗ್ಲಿಲ್ಲ ಅಷ್ಟ.

ಅಪಘಾತದ ಗುರ್ತಿಗೆ ಬಾನೆಟ್, ಫೆಂಡರ್ ಬೋಲ್ಟಿನ ಬಣ್ಣ, ಬಾಗಿಲ ರಬ್ಬರ್ ಜಗ್ಗಿ ಒಳಗಿನ ವೆಲ್ಡಿಂಗ್ ಚುಕ್ಕಿ ನೋಡ್ರಿ, ಕಂಪನಿ ಚುಕ್ಕಿ ಸಾಲಾಗಿ ಇರ್ತಾವು. ಗಾಜಿನ ಮ್ಯಾಲಿನ ವರ್ಷದ ಕೋಡ್ ಎಲ್ಲಾ ಗಾಜಿಗೂ ಒಂದ ಇರಬೇಕು. ಟೈರಿನ ಬಾಜೂ ನಾಕ ಅಂಕಿ ಇರ್ತೈತಿ, 2321 ಅಂದ್ರ 2021ರ 23ನೇ ವಾರ. 30 ಸಾವಿರ ಓಡಿದ ಗಾಡಿ ಅಂತಾರ, ಪೆಡಲ್ ರಬ್ಬರ್ ನುಣ್ಣಗಾಗಿರ್ತೈತಿ, ನಗಬೇಕೋ ಅಳಬೇಕೋ.

ಒಂದ ಬ್ಲೂಟೂತ್ ಓಬಿಡಿ ಸ್ಕ್ಯಾನರ್ (ಗಾಡಿ ಕಂಪ್ಯೂಟರಿನ್ಯಾಗಿನ ದೋಷ ಮೊಬೈಲಿನ್ಯಾಗ ತೋರಸೂದು) ಕಿಸೆದಾಗ ಇರ್ಲಿ, ಕಡಿಮಿ ರೊಕ್ಕದಾಗ ಬರ್ತೈತಿ. ಎರರ್ ಕೋಡ್ ಏನೂ ಇಲ್ಲ ಅಂತ ಖುಷಿ ಆಗಬ್ಯಾಡ್ರಿ, ರೆಡಿನೆಸ್ (ಗಾಡಿ ತನ್ನನ್ನ ತಾನ ಪರೀಕ್ಷೆ ಮಾಡಕೊಂಡೈತೋ ಇಲ್ಲೋ) ಅಂತ ಒಂದ ಪುಟ ಇರ್ತೈತಿ, ಅದರಾಗ ಹೆಚ್ಚಿನವು "ಪೂರ್ಣ ಆಗಿಲ್ಲ" ಅಂತ ತೋರಿಸಿದ್ರ ನಿನ್ನೆ ಮೊನ್ನೆನ ಯಾರೋ ಕೋಡ್ ಅಳಸ್ಯಾರ, ಇಲ್ಲಾ ಬ್ಯಾಟ್ರಿ ಬಿಚ್ಚ್ಯಾರ.

7. ಓಡ್ಸಿ ನೋಡೂದು

ಕಾಲೋನಿ ಒಳಗ ಒಂದ ಸುತ್ತು ಹೊಡದ ಬಂದ್ರ ಅದು ಟೆಸ್ಟ್ ಡ್ರೈವ್ ಅಲ್ಲ. ನನ್ನ ರೂಟ್ ಹೇಳ್ತೀನಿ: ವಿದ್ಯಾನಗರದಿಂದ ಉಣಕಲ್ ಕೆರಿ ದಾಟಿ ನವನಗರ, ಅಲ್ಲಿಂದ ವಾಪಸ್ ಬಂದು ಊರ ನಡಕ ಟ್ರಾಫಿಕ್ಕು, ಆಮ್ಯಾಲ ಗಬ್ಬೂರ ಕಡೆ ಹೈವೇ. ಮುಕ್ಕಾಲು ತಾಸು. ಮ್ಯೂಸಿಕ್ ಬಂದ್, ಕಿಡಕಿ ಅರ್ಧಾ ತೆರದಿರಲಿ, ಎಸಿ ಒಮ್ಮೆ ಹಚ್ಚಿ ಒಮ್ಮೆ ಆರಿಸಿ.

ಕ್ಲಚ್ಚಿಗೆ: ನಾಕನೇ ಗೇರಿನ್ಯಾಗ 40ರ ಸುಮಾರು ಇರೂವಾಗ ಪೂರಾ ತುಳೀರಿ. ಆರ್‌ಪಿಎಂ ಏರಿ ಸ್ಪೀಡ್ ಏರದಿದ್ರ ಕ್ಲಚ್ ಮುಗದೈತಿ. ಡಿಎಸ್‌ಜಿ, ಡಿಸಿಟಿ (ಇದೂ ಎರಡ ಕ್ಲಚ್ಚಿನ ಆಟೋಮ್ಯಾಟಿಕ್) ಇದ್ರ ಹೈವೇದಾಗ ಅಲ್ಲ, 20 ನಿಮಿಷ ತೆವಳೋ ಟ್ರಾಫಿಕ್ಕಿನ್ಯಾಗ ಓಡ್ಸಿ ಬಿಸಿ ಆದಮ್ಯಾಲ ಏರಿನ್ಯಾಗ ರಿವರ್ಸ್ ಹಾಕ್ರಿ, ನಡುಕ, ತಡ, ಗೇರಿನ ಅಂಕಿ ಮಿಣಮಿಣ ಮಿನುಗೂದು ಯಾವದೂ ಇರಬಾರ್ದು. ಬಯಲಾಗ ಸ್ಟೇರಿಂಗ್ ಪೂರಾ ತಿರುವಿ ನಿಧಾನಕ ಸುತ್ತಾಕಿಸ್ರಿ, ಕಟ ಕಟ ಅಂದ್ರ ಗಾಲಿಗೆ ತಿರುಗೂ ಬಲ ಒಯ್ಯೂ ಸಿವಿ ಜಾಯಿಂಟು ಸವದೈತಿ. 80ರಿಂದ ಹಿಂದ ಯಾರೂ ಇಲ್ಲದಾಗ ಬ್ರೇಕ್ ಒತ್ರಿ, ಒಂದ ಕಡೆ ಜಗ್ಗಿದ್ರ, ಸ್ಟೇರಿಂಗ್ ನಡಗಿದ್ರ ಬರಕೋರಿ, ಅದು ಚೌಕಾಶಿಗೆ ಬರ್ತೈತಿ. ತೆಗ್ಗಿನ್ಯಾಗ ಸ್ಟೇರಿಂಗ್ ಒಳಗಿಂದ ಟೊಕ್ ಟೊಕ್ ಬಂದ್ರ ಸ್ಟೇರಿಂಗ್ ರ‍್ಯಾಕ್ (ಗಾಲಿ ತಿರುವೂ ದಂಡ) ಇರಬಹುದು, ಅದು ದೊಡ್ಡ ಖರ್ಚು.

ಮತ್ತ ರೇಸ್ ಹೊಡಿಯೂದು ಬ್ಯಾಡ. ಹುಬ್ಬಳ್ಳಿ-ಧಾರವಾಡ ಬೈಪಾಸಿನ್ಯಾಗ ಎಷ್ಟ ಮಂದಿ ಹೋಗ್ಯಾರ ಅಂತ ನಿಮಗೂ ಗೊತ್ತೈತಿ.

ಮನಸಿಗೆ ಬಂತಂದ್ರ ಕಡೀಕ ನಿಮಗ ಗೊತ್ತಿದ್ದ ಮೇಸ್ತ್ರಿ ಹತ್ರ ಲಿಫ್ಟ್ ಮ್ಯಾಲ ಏರಸ್ರಿ. ಒಪ್ಪದ ಮಾಲಕನ ಹತ್ರ ಗಾಡಿ ತಗೋಬ್ಯಾಡ್ರಿ, ಅವ ಎಷ್ಟ ಚಲೋ ಮಾತಾಡಿದ್ರೂ.

8. ವ್ಯವಹಾರ

ಟೋಕನ್ ಸಣ್ಣದ ಕೊಡ್ರಿ, ಬ್ಯಾಂಕಿನ ಮೂಲಕ ಕೊಡ್ರಿ, ಚೀಟಿ ಬರಸ್ರಿ. ಫಾರ್ಮ್ 29, 30 (ಮಾಲಕನ ಹೆಸರ ಬದಲಿ ಕಾಗದ) ಸಹಿ ಆಗಬೇಕು. ಕಾಯ್ದೆ ಪ್ರಕಾರ ಮಾರಿದವ ಇದ ರಾಜ್ಯದಾಗ 14 ದಿನದೊಳಗ, ತಗೊಂಡವ 30 ದಿನದೊಳಗ ಆರ್‌ಟಿಓಕ್ಕ ತಿಳಸಬೇಕು. ಇನ್ಶೂರನ್ಸ್ ಹೆಸರ ಬದಲಿಗೂ 14 ದಿನ. ಅದ ಆಗದ ಗಾಡಿ ಗುದ್ದಿಸಿದ್ರ ನಿಮ್ಮ ಗಾಡಿ ರಿಪೇರಿ ರೊಕ್ಕ ಕೈ ಬಿಟ್ಟಂಗ. ನೋ ಕ್ಲೇಮ್ ಬೋನಸ್ ಮಾರಿದವಂದು, ಗಾಡಿ ಜೋಡಿ ಬರಂಗಿಲ್ಲ, ಅದರ ಫರಕ ನೀವ ತುಂಬಬೇಕು.

9. ಮೊದಲ ಆರ ತಿಂಗಳ: ಏನೂ ಮಾಡಿಫೈ ಬ್ಯಾಡ

ತಂದ ವಾರದಾಗ ಎಂಜಿನ್ ಎಣ್ಣಿ, ಎಲ್ಲಾ ಫಿಲ್ಟರ್, ಕೂಲಂಟ್, ಬ್ರೇಕ್ ಎಣ್ಣಿ, ಗೇರ್ ಎಣ್ಣಿ, ಪೆಟ್ರೋಲ್ ಇದ್ರ ಸ್ಪಾರ್ಕ್ ಪ್ಲಗ್. ಮೊದಲಿನವ ಮಾಡ್ಸೇನಿ ಅಂದ್ರೂ ಮಾಡಸ್ರಿ. ಟೈಮಿಂಗ್ ಬೆಲ್ಟ್ ಇರೋ ಗಾಡಿ ಇದ್ರ, ಫೋರ್ಡ್ 1.5 ಡೀಸೆಲ್, ಟಿಡಿಐ, ಟಿ-ಜೆಟ್ ಇವೆಲ್ಲಾ ಬೆಲ್ಟಿನವು, ಬದಲಿ ಮಾಡಿದ ಬಿಲ್ ಇಲ್ಲಂದ್ರ ಬೆಲ್ಟು, ಟೆನ್ಶನರು, ವಾಟರ್ ಪಂಪು ಕೂಡೇ ಬದಲಸ್ರಿ. ಬೆಲ್ಟ್ ಹರದ್ರ ವಾಲ್ವ್ ಪಿಸ್ಟನ್ನಿಗೆ ಬಡದು ಎಂಜಿನ್ ಬಿಚ್ಚೂದ ಗತಿ. ಆಮ್ಯಾಲ ಬುಶ್, ಎಂಜಿನ್ ಮೌಂಟ್, ಲಿಂಕ್ ರಾಡ್. ನಮ್ಮ ರಸ್ತಾಕ್ಕ ಇವು ಬಟ್ಟಿ ಹರದಂಗ ಹರೀತಾವು. ಹೊಸಾ ಬುಶ್ ಹಾಕ್ಸಿದ ದಿನ ಭಾಳ ಮಂದಿಗೆ ಅನಸ್ತೈತಿ, ಅರೆ, ಗಾಡಿ ಹಿಂಗಿತ್ತಾ, ಸುಮ್ನ ಕಾಯ್ಲೋವರ್ (ಎತ್ತರ ಬದಲಸಾಕ ಬರೂ ಸ್ಪ್ರಿಂಗ್-ಶಾಕ್ ಸೆಟ್) ಹುಡುಕಾಕ ಹತ್ತಿದ್ದೆ ಅಂತ.

10. ಮಾಡಿಫೈ, ಅನುಕ್ರಮ ತಪ್ಪಬಾರ್ದು

ಟೈರ್ ಮೊದಲ. ಪವರ್, ಬ್ರೇಕು, ಸ್ಟೇರಿಂಗು ಎಲ್ಲಾ ರಸ್ತೆ ಮುಟ್ಟೂದು ಅದರ ಮೂಲಕನ. ಸೈಜ್ ಬದಲಿ ಮಾಡೂವಾಗ ಲೆಕ್ಕ ಮಾಡ್ರಿ: 185/60 ಆರ್15 ಅಂದ್ರ ಒಟ್ಟು ವ್ಯಾಸ ಸುಮಾರು 603 ಮಿಲಿಮೀಟರ್. 195/55 ಆರ್15 ಹಾಕಿದ್ರ 595.5, 195/60 ಆರ್15 ಹಾಕಿದ್ರ 615. ಮೂಲದಕ್ಕಿಂತ 3 ಪರ್ಸೆಂಟ್ ಒಳಗ ಇರ್ಲಿ, ಇಲ್ಲಂದ್ರ ಮೀಟರ್ ಸುಳ್ಳ ಹೇಳ್ತೈತಿ, ಎಬಿಎಸ್‌ಗೆ (ಬ್ರೇಕ್ ಒತ್ತಿದಾಗ ಗಾಲಿ ಜಾಮ್ ಆಗದಂಗ ತಡಿಯೂದು) ಗೊಂದಲ ಆಗ್ತೈತಿ. ಎಲ್ಲಾಕಿಂತ ಚಲೋ ಅಂದ್ರ ಅದ ಗಾಡಿಯ ಮ್ಯಾಲಿನ ವೇರಿಯಂಟಿಗೆ ಕಂಪನಿನ ಕೊಟ್ಟ ಸೈಜ್. ಎರಡ ಇಂಚ್ ದೊಡ್ಡ ಅಲಾಯ್, ಹಪ್ಪಳದಂಥಾ ಟೈರ್ ಹಾಕಿ ಅಣ್ಣಿಗೇರಿ ದಾಟಿದ್ರ ರಿಮ್ ಬೆಂಡ್ ತಗಸಾಕ ರೊಕ್ಕ ತಯಾರ ಇಡ್ರಿ.

ಎರಡನೇದು ಬ್ರೇಕ್ ಪ್ಯಾಡು, ಹೊಸಾ ಡಾಟ್ 4 ದರ್ಜೆಯ ಬ್ರೇಕ್ ಎಣ್ಣಿ. ಮೂರನೇದು ಡ್ಯಾಂಪರ್, ಎತ್ತರ ಹಂಗ ಇಟ್ಟು. ನಾಕನೇದು ರಿಮ್ಯಾಪ್, ಅಂದ್ರ ಪವರ್ ಏರಸಾಕ ಇಸಿಯು ಸಾಫ್ಟ್‌ವೇರ್ ಬದಲಸೂದು. ಟರ್ಬೊ ಗಾಡಿಗೆ ರಿಮ್ಯಾಪ್ ಮಾಡಿದ್ರ ಫರಕ ಖರೇನ ಗೊತ್ತಾಗ್ತೈತಿ, ಟರ್ಬೊ ಇಲ್ಲದ 1.2ಕ್ಕ ಮಾಡ್ಸಿದ್ರ ಬಿಲ್ ಒಂದ ಗೊತ್ತಾಗ್ತೈತಿ. ಆದ್ರ ಡ್ರೈ ಕ್ಲಚ್ಚಿನ ಆ ಏಳ ಗೇರಿನ ಡಿಎಸ್‌ಜಿ ತಡಕೊಳ್ಳೂದ 250 ನ್ಯೂಟನ್ ಮೀಟರಿನ ಲೆಕ್ಕಕ್ಕ ಮಾಡಿದ್ದು, ಮತ್ತ ಏಪ್ರಿಲ್ ತಿಂಗಳ ಬಿಸಲಾಗ ಇಂಟರ್‌ಕೂಲರ್ ಬೆವತಿರ್ತೈತಿ. ಟ್ಯೂನರ್ ಕೊಟ್ಟ ದೊಡ್ಡ ಅಂಕಿ ನೋಡಿ ಕುಣಿಬ್ಯಾಡ್ರಿ, ಮೂಲ ಫೈಲ್ ಒಂದ ಕಾಪಿ ಇಸಗೋರಿ.

ಕಾಯ್ದೆ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕ ವಿರುದ್ಧ ಬದಲಾವಣಿ ಮಾಡಂಗಿಲ್ಲ, 2019ರಾಗ ಸುಪ್ರೀಂ ಕೋರ್ಟೂ ಅದನ್ನ ಹೇಳೇತಿ. 182ಎ ಕಲಂನ್ಯಾಗ ಮಾಲಕಗ ಒಂದೊಂದ ಬದಲಾವಣಿಗೆ 5,000 ರೂಪಾಯಿ ದಂಡ, ಇಲ್ಲಾ 6 ತಿಂಗಳ ತನಕ ಜೈಲು, ಇಲ್ಲಾ ಎರಡೂ. ಸಪ್ಪಳದ ಸೈಲೆನ್ಸರ್, ಕರೀ ಫಿಲ್ಮು, ಬುಲ್ ಬಾರ್ ಇವು ದೂರಿಂದನ ಕಾಣ್ತಾವು, ಪೊಲೀಸರು ಹಿಡಿಯೂದು ಇವನ್ನ. ಗಾಜು ಮುಂದ ಹಿಂದ 70, ಬಾಜೂ 50 ಪರ್ಸೆಂಟ್ ಬೆಳಕ ಬಿಡಬೇಕು. ಬಣ್ಣ ಬದಲಿ ಮಾಡಿದ್ರ ಆರ್‌ಸಿದಾಗ ಬರಸಬೇಕು. ಟೈರು, ಪ್ಯಾಡು, ಮೂಲ ಎತ್ತರದ ಡ್ಯಾಂಪರು ಇವಕ್ಕ ಯಾರೂ ಕೈ ಮಾಡಂಗಿಲ್ಲ, ಮತ್ತ ಗಾಡಿ ಓಡಸೂದ್ರಾಗ ಫರಕ ತರೂದೂ ಇವ. ಏನ ಹಾಕ್ಸಿದ್ರೂ ಇನ್ಶೂರನ್ಸ್ ಕಂಪನಿಗೆ ಬರದು ತಿಳಸ್ರಿ, ಕ್ಲೇಮ್ ಟೈಮಿಗೆ ಸರ್ವೇಯರ್ ಮೊದಲ ನೋಡೂದು ಅದನ್ನ.

ತೆಗದ ಮೂಲ ಪಾರ್ಟ್ ಒಂದೂ ಗುಜರಿಗೆ ಹಾಕಬ್ಯಾಡ್ರಿ, ಮುಂದ ಮಾರೂವಾಗ ನಿಮ್ಮಂಥಾವ ಒಬ್ಬ ಟಾರ್ಚ್ ಹಿಡಕೊಂಡ ಬರ್ತಾನ. ನಮ್ಮ ಮನಿ ಅಟ್ಟದ ಮ್ಯಾಲ ನಾಕ ಶಾಕ್ ಅಬ್ಸಾರ್ಬರ್, ನಾಕ ರಿಮ್, ಒಂದ ಏರ್ ಫಿಲ್ಟರ್ ಡಬ್ಬಿ ಅದಾವು, ಪ್ರತಿ ದೀಪಾವಳಿಗೆ ಅವ್ವ ಅವನ್ನ ಒರಸಿ "ಇದನ್ನ ಯಾವಾಗ ಒಯ್ತಿಯೋ" ಅಂತ ಕೇಳ್ತಾಳ, ನಾ ಪ್ರತಿ ಸಲ ಮುಂದಿನ ವರ್ಷ ಅಂತೀನಿ.